ಒಂದು ಮಂಡಿಯೂರಿ ದೋಣಿ ನಡೆಸಿದವರು

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನನ್ನಿಂದಾಗಿ ಆ ಹೆಸರು ಒಮ್ಮೆ ಹತ್ತು ಜನರ ಬಾಯಿಗೆ ಬಿದ್ದದ್ದು ಸಾಕು. ಕಳೆದ ಚಳಿಗಾಲದಲ್ಲಿ ಅವರು ತೀರಿಕೊಂಡ ಸುದ್ದಿ ನಮ್ಮ ದೋಣಿ ಕ್ಲಬ್ಬಿನ ಇಮೇಲ್‌ನಲ್ಲಿ ಬಂತು. ‘ಹಲವು ವರ್ಷ ನಮ್ಮ ಕಾರ್ಯದರ್ಶಿಯಾಗಿದ್ದವರು’ ಎಂದು ಎರಡು ಸಾಲು. ಅದರ ಕೆಳಗೆ, ಶನಿವಾರ ದೋಣಿಮನೆ ತೊಳೆಯಲು ಯಾರು ಯಾರು ಬರುತ್ತೀರಿ ಎಂಬ ಪಟ್ಟಿ. ನಾನು ಮೊದಲು ಪಟ್ಟಿಯಲ್ಲಿ ನನ್ನ ಹೆಸರು ಸೇರಿಸಿದೆ. ಆಮೇಲೆ ಬಚ್ಚಲುಮನೆಗೆ ಹೋಗಿ, ನಲ್ಲಿ ತಿರುಗಿಸಿಟ್ಟು ಅತ್ತೆ. ಅಳುವುದಕ್ಕೂ ಮರೆ ಹುಡುಕುವ ಜಾತಿ ನನ್ನದು.

ಅವರು ಲಿಥುವೇನಿಯದವರು. ಪರಿಚಯವಾದದ್ದು ಬಾವುಟದಿಂದ. ಕೋವಿಡ್ ಬಂದ ವರ್ಷದ ಬೇಸಿಗೆ. ಶಾಲೆ, ಭರತನಾಟ್ಯದ ಕ್ಲಾಸು, ಈಜುಕೊಳ ಎಲ್ಲ ಮುಚ್ಚಿದ್ದವು. ನನ್ನ ಮಗಳು ಸಿರಿ ಗೋಡೆಗೆ ಚೆಂಡು ಹೊಡೆಯುತ್ತ ನನ್ನ ಮೀಟಿಂಗುಗಳನ್ನು ಹಾಳು ಮಾಡುತ್ತಿದ್ದಳು. ಬಯಲಿನ ಆಟವಾದ್ದರಿಂದ ದೋಣಿ ಕ್ಲಬ್ ಮಾತ್ರ ತೆರೆದಿತ್ತು. ಅಮೆರಿಕದ ಫೋರ್ಟ್ ಮಿಲ್‌ನ ನಮ್ಮ ಮನೆಯಿಂದ ಕೆರೆಗೆ ಇಪ್ಪತ್ತು ನಿಮಿಷ. ಮೊದಲ ದಿನ ಕಾರು ನಿಲ್ಲಿಸುತ್ತಿದ್ದಂತೆ ಎತ್ತರದ ಮುದುಕರೊಬ್ಬರು ಬಂದು, ಹಿಂದಿನ ಗಾಜಿಗೆ ಅಂಟಿಸಿದ್ದ ಕನ್ನಡ ಬಾವುಟವನ್ನು ಬಗ್ಗಿ ನೋಡಿದರು. “ನಮ್ಮ ಹಸಿರನ್ನು ಯಾರು ತೆಗೆದರು?” ಎಂದು ಕೇಳಿದರು. ಅವರ ದೇಶದ ಬಾವುಟದಲ್ಲಿ ಮೇಲೆ ಹಳದಿ, ಕೆಳಗೆ ಕೆಂಪು, ನಡುವೆ ಹಸಿರಿನ ಪಟ್ಟಿಯಂತೆ. ಅದು ಗೊತ್ತಿಲ್ಲದೆ ನಾನು ಸುಮ್ಮನೆ ನಕ್ಕೆ. ಮನೆಗೆ ಬಂದು ಇಂಟರ್‌ನೆಟ್‌ನಲ್ಲಿ ನೋಡಿದ ಮೇಲೆ ನಿಜವಾಗಿ ನಕ್ಕೆ.

ಅವರು ಮಾತಾಡುತ್ತಿದ್ದದ್ದು ಇಂಗ್ಲಿಷ್, ಗಿಡ್ಡ ಗಿಡ್ಡ ವಾಕ್ಯಗಳಲ್ಲಿ. ಕನ್ನಡಕ್ಕೆ ತಂದರೆ ಏನೂ ಕಳೆದುಹೋಗುವುದಿಲ್ಲ, ಅದಕ್ಕೇ ಧೈರ್ಯವಾಗಿ ತರುತ್ತಿದ್ದೇನೆ. ಸಿರಿಗೆ ನಾನು ಅವರನ್ನು ಅಂಕಲ್ ಎನ್ನಲು ಹೇಳಿಕೊಟ್ಟಿದ್ದೆ. ಅವರು ಮೊದಲು ಗಾಬರಿಯಾದರು. ತನಗೆ ಅಣ್ಣತಮ್ಮಂದಿರೇ ಇಲ್ಲವಲ್ಲ, ಈ ಹುಡುಗಿ ಯಾರ ಮಗಳು ಎಂದರು. ನಮ್ಮಲ್ಲಿ ದೊಡ್ಡವರೆಲ್ಲ ಅಂಕಲ್, ಆಂಟಿಯೇ ಎಂದು ವಿವರಿಸಿದೆ. ಒಂದು ವಾರ ಯೋಚಿಸಿ, ಇದು ಒಳ್ಳೆಯ ನಿಯಮ ಎಂದು ಒಪ್ಪಿಕೊಂಡರು. ಅವರಿಗೆ ಯಾವುದೂ ನಿಯಮವಾದರೆ ಮಾತ್ರ ಅರ್ಥವಾಗುತ್ತಿತ್ತು.

ಅವರ ದೋಣಿ ನಾವು ಪಿಕ್‌ನಿಕ್‌ನಲ್ಲಿ ಕೂತು ಹೋಗುವ ದೋಣಿಯಲ್ಲ. ಬಾಳೆದಿಂಡಿನ ಹಾಗೆ ಉದ್ದಕ್ಕೆ, ತೆಳ್ಳಗೆ ಇರುತ್ತದೆ. ಅದರೊಳಗೆ ಒಂದು ಮಂಡಿಯೂರಿ, ಇನ್ನೊಂದು ಪಾದ ಮುಂದಿಟ್ಟು, ಒಂದೇ ಪಕ್ಕದಲ್ಲಿ ಹುಟ್ಟು ಹಾಕುತ್ತ ನೆಟ್ಟಗೆ ಹೋಗಬೇಕು. ಸಿರಿ ಮೊದಲ ತಿಂಗಳು ದೋಣಿಯಲ್ಲಿ ಇದ್ದದ್ದಕ್ಕಿಂತ ನೀರಲ್ಲಿ ಇದ್ದದ್ದೇ ಹೆಚ್ಚು. ಅವರು ಇಪ್ಪತ್ತು ವರ್ಷ ಎಡಪಕ್ಕದಲ್ಲೇ ಹುಟ್ಟು ಹಾಕಿದವರು. ಎಡಭುಜ ಬಲಭುಜಕ್ಕಿಂತ ದಪ್ಪ. ಅಂಗಿ ಯಾವಾಗಲೂ ಒಂದು ಕಡೆ ಜಗ್ಗಿದಂತೆ ಕಾಣುತ್ತಿತ್ತು. ಎಡಮಂಡಿಯ ಮೇಲೆ ಕಪ್ಪಗೆ ಗಟ್ಟಿಯಾದ ಚರ್ಮ. ಮೈಸೂರಿನಿಂದ ಬಂದಿದ್ದ ನಮ್ಮತ್ತೆ ಅದನ್ನು ನೋಡಿ, “ಪಾಪ, ದೇವರಿಗೆ ಎಷ್ಟು ನಮಸ್ಕಾರ ಹಾಕಿದಾರೋ” ಎಂದರು. ಅದನ್ನು ಅವರಿಗೆ ಹೇಳಿದೆ. ದೇವರಿಗಿಂತ ಗಡಿಯಾರಕ್ಕೇ ಹೆಚ್ಚು ಮಂಡಿಯೂರಿದ್ದೇನೆ ಎಂದು ಅಮ್ಮನಿಗೆ ತಿಳಿಸು ಎಂದರು. ನಾನು ತಿಳಿಸಲಿಲ್ಲ; ಅತ್ತೆಯ ಭಕ್ತಿಯನ್ನು ಕೆಡಿಸುವುದೇಕೆ.

ಅವರ ಕಥೆಯನ್ನು ಅವರು ಒಂದೇ ಸಲ ಹೇಳಿದವರಲ್ಲ. ದೋಣಿಗೆ ಮೇಣ ಉಜ್ಜುವಾಗ ಒಂದು ತುಣುಕು, ಗೇಟಿಗೆ ಬೀಗ ಹಾಕುವಾಗ ಇನ್ನೊಂದು. ಕೆರೆಗಳ ನಡುವಿನ ಸಣ್ಣ ಊರು. ಎಳೆವಯಸ್ಸಿನಲ್ಲೇ ದೋಣಿ ಹತ್ತಿದ್ದು. ಸೋವಿಯತ್ ಅಂಗಿ ತೊಟ್ಟು ಗೆದ್ದದ್ದು, ಸೋತದ್ದು. ತನ್ನ ದೇಶ ಸ್ವತಂತ್ರವಾದಾಗ ಅದರ ಅಂಗಿ ತೊಟ್ಟು ಓಡಿಸಲು ವಯಸ್ಸು ಮೀರಿತ್ತು. ಹುಟ್ಟು ಕೆಳಗಿಟ್ಟು ಮೇಜಿನ ಹಿಂದೆ ಕೂತರು. ಹೊಸ ದೇಶದ ದೋಣಿ ಒಕ್ಕೂಟ ಎಂದರೆ ಒಂದು ಕೋಣೆ, ಎರಡು ಕುರ್ಚಿ, ಒಂದು ಫೋನು. ಮೊದಲ ಸಲ ತಂಡವನ್ನು ಹೊರದೇಶಕ್ಕೆ ಕರೆದೊಯ್ದಾಗ ಅಲ್ಲಿಯವರ ಬಳಿ ಇವರ ಬಾವುಟವೇ ಇರಲಿಲ್ಲವಂತೆ. ಹೀಗಾಗಬಹುದೆಂದು ಹೆಂಡತಿಯ ಕೈಲಿ ಹೊಲಿಸಿ ಸೂಟ್‌ಕೇಸಿನಲ್ಲಿ ಇಟ್ಟುಕೊಂಡು ಹೋಗಿದ್ದರು. “ಪದಕ ತರುವುದು ಆಟಗಾರನ ಕೆಲಸ. ಬಾವುಟ ಮರೆಯದೆ ಒಯ್ಯುವುದು ನನ್ನ ಕೆಲಸ” ಎನ್ನುತ್ತಿದ್ದರು. ಪದಕಗಳ ವಿಷಯ ಕೇಳಿದರೆ ಮಾತು ಬದಲಿಸುತ್ತಿದ್ದರು. ಆ ಬಾವುಟದ ಅಂಚಿನ ಹೊಲಿಗೆಯ ಬಗ್ಗೆ ಮಾತ್ರ ಕಾಲು ಗಂಟೆ ಮಾತಾಡಬಲ್ಲವರಾಗಿದ್ದರು.

ಮಗಳ ಹಿಂದೆ ಅಮೆರಿಕಕ್ಕೆ ಬಂದು ಅಟ್ಲಾಂಟದ ಹೊರಗೆ ಒಂದು ಗೋದಾಮಿನಲ್ಲಿ ಪೆಟ್ಟಿಗೆ ಜೋಡಿಸುವ ಕೆಲಸ ಮಾಡಿದರು. ವಾರಾಂತ್ಯದಲ್ಲಿ ಜಾರ್ಜಿಯ, ಕ್ಯಾರೊಲಿನಗಳ ಕೆರೆಗಳಲ್ಲಿ ಎಲ್ಲಿ ದೋಣಿ ಸ್ಪರ್ಧೆ ನಡೆದರೂ ಸಂಬಳವಿಲ್ಲದೆ ನಿಂತು ನಡೆಸಿಕೊಟ್ಟರು. ಕೆಲಸ ಬಿಟ್ಟ ಮೇಲೆ ನಮ್ಮ ಕೆರೆಯ ಹತ್ತಿರವೇ ಮನೆ ಹಿಡಿದರು; ನಮ್ಮ ಕ್ಲಬ್ ಅವರನ್ನು ಕಾರ್ಯದರ್ಶಿ ಮಾಡಿಕೊಂಡದ್ದು ಹಾಗೆ. ಅವರು ಬಂದ ಮೇಲೆ ಪ್ರತಿ ದೋಣಿಗೂ ಒಂದು ಕಾರ್ಡು, ಪ್ರತಿ ಮಗುವಿಗೂ ಒಂದು ಫೈಲು. “ಕಾಗದದಲ್ಲಿ ಇಲ್ಲದ್ದು ನಡೆದೇ ಇಲ್ಲ” ಎನ್ನುವುದು ಅವರ ಗಾದೆ. ತಾಯಂದಿರು ಅವರ ಬೆನ್ನ ಹಿಂದೆ ಮೂಗು ಮುರಿಯುತ್ತಿದ್ದರು. ನಾನೂ ಮುರಿದಿದ್ದೇನೆ.

ಒಮ್ಮೆ ಸ್ಪರ್ಧೆ ಮುಗಿದ ಮೇಲೆ ಸಿರಿಯ ದೋಣಿಯನ್ನು ತಕ್ಕಡಿಗೆ ಹಾಕಿದರು. ಇರಬೇಕಾದ್ದಕ್ಕಿಂತ ಸ್ವಲ್ಪ ಹಗುರ. ಮೂರನೆಯವಳಾಗಿ ಬಂದಿದ್ದ ಮಗುವನ್ನು ಪಟ್ಟಿಯಿಂದ ತೆಗೆದರು. ನಾನು ಹೋಗಿ, ಒಂದು ಟೊಮೆಟೊ ಹಣ್ಣಿನಷ್ಟು ತೂಕಕ್ಕೆ ಹೀಗೆ ಮಾಡುವುದೇ ಅಂಕಲ್ ಎಂದು ವಾದಿಸಿದೆ. ಅವರು ಕೊಕ್ಕೆಯ ತಕ್ಕಡಿಯನ್ನೇ ನನ್ನ ಕೈಗೆ ಕೊಟ್ಟು, ನೀನೇ ತೂಗಿ ಓದು, ನೀನು ಓದಿದ್ದನ್ನೇ ಬರೆಯುತ್ತೇನೆ ಎಂದರು. ಓದಿದೆ. ಸುಳ್ಳು ಹೇಳಲಾಗಲಿಲ್ಲ. ಮುಂದಿನ ವಾರ ಅವರೇ ದೋಣಿಯ ತಳಕ್ಕೆ ಒಂದು ಸೀಸದ ತುಂಡನ್ನು ಟೇಪು ಹಾಕಿ ಅಂಟಿಸಿ ಕೊಟ್ಟರು. ಜತೆಗೆ ಅವರ ಹೆಂಡತಿ ಮಾಡಿದ ಗುಲಾಬಿ ಬಣ್ಣದ ತಣ್ಣನೆಯ ಸೂಪು. ನಮ್ಮ ಬೀಟ್‌ರೂಟ್ ಮೊಸರುಬಜ್ಜಿಯನ್ನು ನೀರು ಮಾಡಿ ಲೋಟಕ್ಕೆ ಸುರಿದಂತಿತ್ತು. ಸಿರಿ ಎರಡು ಲೋಟ ಕುಡಿದಳು.

ಇನ್ನು ಆ ಸಂಜೆಯ ವಿಷಯ. ಇದನ್ನು ಮುಂದೂಡಿ ಮುಂದೂಡಿ ಇಷ್ಟು ಪುಟ ಬರೆದಿದ್ದೇನೆಂದು ನನಗೂ ಗೊತ್ತು.

ಇಲ್ಲಿ ಮಕ್ಕಳ ಆಟದ ಕ್ಲಬ್ಬುಗಳಲ್ಲಿ ಒಂದು ನಿಯಮವಿದೆ. ದೊಡ್ಡವರೊಬ್ಬರು ಬೇರೆಯವರ ಮಗುವಿನ ಜತೆ ಒಬ್ಬರೇ ಇರಕೂಡದು; ಕಾರಿನಲ್ಲಿ ಕರೆದೊಯ್ಯುವುದಾದರೆ ತಂದೆತಾಯಿಯ ಲಿಖಿತ ಒಪ್ಪಿಗೆ ಬೇಕು. ಒಳ್ಳೆಯ ನಿಯಮವೇ. ನಮ್ಮ ಕ್ಲಬ್ಬಿನಲ್ಲಿ ಅದನ್ನು ಗೋಡೆಗೆ ಅಂಟಿಸಿದವರು, ಪ್ರತಿಯೊಬ್ಬರ ಹತ್ತಿರ ಸಹಿ ಹಾಕಿಸಿಕೊಂಡವರು ಅವರೇ. ನನಗೆ ಮಾತ್ರ ಅದು ಅಮೆರಿಕನ್ನರ ಅತಿ ಅನಿಸುತ್ತಿತ್ತು. ನಾವು ಬೆಳೆದದ್ದು ಪಕ್ಕದ ಮನೆ ಅಂಕಲ್ ಸ್ಕೂಟರಿನಲ್ಲಿ ಶಾಲೆಗೆ ಹೋಗಿ. ಬಾಯಲ್ಲಿ ಹೇಳಿದರೆ ಸಾಲದೇ, ಬರೆದು ಕೊಟ್ಟರೆ ಅವರಿಗೇ ಅವಮಾನವಲ್ಲವೇ ಎನ್ನುವ ಬುದ್ಧಿ ನಮ್ಮದು.

ಕೋವಿಡ್ ಇಳಿದು ಆಫೀಸುಗಳು ಮತ್ತೆ ಕರೆಸಿಕೊಳ್ಳತೊಡಗಿದ್ದ ಕಾಲ. ನಾನು ಷಾರ್ಲಟ್‌ನಲ್ಲಿ ಒಂದು ಬ್ಯಾಂಕಿನ ಸಾಫ್ಟ್‌ವೇರ್ ಪರೀಕ್ಷಿಸುವವಳು. ಗಂಡನ ಕೆಲಸ ಮೂರು ಗಂಟೆ ದಾರಿಯ ರಿಸರ್ಚ್ ಟ್ರಯಾಂಗಲ್ ಪಾರ್ಕಿನಲ್ಲಿ. ಸೋಮವಾರ ಹೋದರೆ ಗುರುವಾರದ ತನಕ ಅದರ ಪಕ್ಕದ ಮಾರಿಸ್‌ವಿಲ್‌ನಲ್ಲೇ ಸ್ನೇಹಿತರ ಮನೆಯಲ್ಲಿ ಇರುತ್ತಿದ್ದ. ಅಂದು ಮಂಗಳವಾರ. ಗಾಳಿ, ಮಳೆ ಶುರುವಾಗಿ ಅಭ್ಯಾಸವನ್ನು ಬೇಗ ನಿಲ್ಲಿಸಿದ್ದರು. ನಾನು ಮೀಟಿಂಗಿನಲ್ಲಿದ್ದೆ. ಅವರ ಫೋನ್ ಬಂತು. ಉಳಿದ ತಾಯಂದಿರೆಲ್ಲ ಹೋಗಿದ್ದಾರೆ, ಸಿರಿ ಒದ್ದೆಯಾಗಿದ್ದಾಳೆ, ಯಾರು ಬರುತ್ತೀರಿ ಎಂದರು.

“ಅಂಕಲ್, ಪ್ಲೀಸ್, ನೀವೇ ಡ್ರಾಪ್ ಮಾಡಿಬಿಡಿ” ಎಂದೆ.

“ಒಂದು ಸಾಲು ಮೆಸೇಜ್ ಕಳಿಸು. ಒಂದೇ ಸಾಲು.”

ಕಳಿಸುತ್ತೇನೆ ಎಂದೆ. ಅಷ್ಟರಲ್ಲಿ ಮೀಟಿಂಗಿನಲ್ಲಿ ಯಾರೋ ನನ್ನ ಹೆಸರು ಕರೆದರು. ಕಳಿಸಲಿಲ್ಲ. ಅವರು ಕಾದರಂತೆ. ದೋಣಿಮನೆಯ ಒಳಗೆ ಸಿರಿ, ಹೊರಗೆ ಮಳೆಯಲ್ಲಿ ಅವರು. ಆಮೇಲೆ ಮಗು ನಡುಗುವುದನ್ನು ನೋಡಲಾಗದೆ ಕಾರು ತೆಗೆದರು. ಮರೆತುಹೋದ ಜಾಕೆಟ್ಟಿಗಾಗಿ ವಾಪಸು ಬಂದ ಒಬ್ಬ ತಾಯಿ, ಸಿರಿ ಅವರ ಕಾರು ಹತ್ತುವುದನ್ನು ನೋಡಿದಳು. ಮಾರನೆಯ ದಿನ ಸಮಿತಿಗೆ ಬರೆದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಅವಳು ಸಹಿ ಹಾಕಿದ ಕಾಗದದಂತೆ ನಡೆದುಕೊಂಡಳು.

ಸಮಿತಿಯಿಂದ ನನಗೊಂದು ಫಾರ್ಮ್ ಬಂತು. ನೀವು ಒಪ್ಪಿಗೆ ಕೊಟ್ಟಿದ್ದಿರಾ, ಕೊಟ್ಟಿದ್ದರೆ ಹೇಗೆ? ನಿಮ್ಮ ಮಗಳನ್ನು ನಾವು ಕೇಳಬಹುದೇ? ನಮ್ಮ ಗ್ರೀನ್ ಕಾರ್ಡ್ ಫೈಲು ಆಗ ಕೊನೆಯ ಹಂತದಲ್ಲಿತ್ತು. ಹತ್ತು ವರ್ಷಕ್ಕೂ ಮೀರಿ ಕಾದದ್ದು. ಮಾರಿಸ್‌ವಿಲ್‌ನ ಗೆಳತಿ ವಿದ್ಯಾಗೆ ಫೋನ್ ಮಾಡಿದೆ. ಮಕ್ಕಳ ವಿಷಯದಲ್ಲಿ ಈ ದೇಶ ಬಹಳ ಕಟ್ಟುನಿಟ್ಟು, ನಾಳೆ ಮಗುವನ್ನು ಯಾಕೆ ಬಿಟ್ಟು ಹೋಗಿದ್ದಿರಿ ಎಂದು ನಿನ್ನನ್ನೇ ಕೇಳುತ್ತಾರೆ, ಏನನ್ನೂ ಬರೆದು ಕೊಡಬೇಡ ಎಂದಳು. ನನ್ನ ಗಂಡ ಇನ್ನೂ ಜಾಣ. “ನೆನಪಿಲ್ಲ ಅಂತ ಬರಿ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ. ಅವ್ರಿಗೇನಾಗತ್ತೆ, ಒಂದು ವಾರ್ನಿಂಗ್ ಕೊಟ್ಟು ಬಿಡ್ತಾರೆ.”

ನನ್ನ ಫೋನಿನಲ್ಲಿ ಅವರ ಕರೆ, ಮೂರು ನಿಮಿಷದ ಕರೆ, ಹಾಗೇ ಇತ್ತು. ಅದನ್ನು ನೋಡುತ್ತಲೇ ‘ಸ್ಪಷ್ಟವಾಗಿ ನೆನಪಿಲ್ಲ’ ಎಂದು ಟೈಪ್ ಮಾಡಿದೆ. ಮಗಳನ್ನು ಕೇಳಬಹುದೇ ಎಂಬಲ್ಲಿ ಬೇಡ ಎಂದು ಗುರುತು ಹಾಕಿದೆ. ಹೆದರಿಕೆಯಿಂದ ಮಾಡಿದೆ ಎಂದು ಈಗ ಹೇಳಬಹುದು. ಆದರೆ ಆ ಹೊತ್ತಿನಲ್ಲಿ ಟೈಪ್ ಮಾಡಿ, ಕಳಿಸಿ, ಅನ್ನಕ್ಕೆ ಇಟ್ಟೆ.

ಅವರೂ ತಮ್ಮ ಫೋನನ್ನು ತೋರಿಸಬಹುದಿತ್ತು, ತೋರಿಸಲಿಲ್ಲ. ಸಿರಿಯ ತಾಯಿ ಹೇಳಿದ್ದಳು ಎಂದೂ ವಾದಿಸಲಿಲ್ಲ. ಲಿಖಿತ ಒಪ್ಪಿಗೆ ಇರಲಿಲ್ಲ, ನಿಯಮ ನನ್ನದೇ, ಮುರಿದವನೂ ನಾನೇ ಎಂದು ಸಮಿತಿಯ ಜೂಮ್ ಸಭೆಯಲ್ಲಿ ಹೇಳಿ ರಾಜೀನಾಮೆ ಓದಿದರು. ಸಭೆಯ ವರದಿ ಯಾರು ಬರೆಯುತ್ತೀರಿ ಎಂದು ಕೇಳಿದರು. ಯಾರೂ ಮುಂದೆ ಬರಲಿಲ್ಲ. ಅವರೇ ಬರೆದರು. ಆ ವರದಿ ನಮ್ಮೆಲ್ಲರ ಇಮೇಲಿಗೆ ಬಂತು. ‘ಕಾರ್ಯದರ್ಶಿಯ ರಾಜೀನಾಮೆ ಅಂಗೀಕರಿಸಲಾಯಿತು. ಮುಂದಿನ ವಿಷಯ: ದೋಣಿಮನೆಯ ಬಾಗಿಲಿನ ದುರಸ್ತಿ.’ ಒಂದಕ್ಷರ ತಪ್ಪಿಲ್ಲ.

ಸಮಿತಿ ಅವರ ಮೇಲೆ ಬೇರೆ ಯಾವ ಆರೋಪವನ್ನೂ ಹೊರಿಸಲಿಲ್ಲ. ಆದರೆ ಊರ ಬಾಯಿಗೆ ಸಮಿತಿ ಬೇಕೇ? ಮುದುಕರು, ಹೆಣ್ಣುಮಗು, ಕಾರು: ಮೂರು ಮಾತು ಸಾಕಾಯಿತು. ನಮ್ಮ ಕನ್ನಡದ ಹೆಂಗಸರ ವಾಟ್ಸಾಪ್ ಗುಂಪಿನಲ್ಲೂ ಬಂತು. ಯಾರ ಮಗು ಎಂದು ಅವರಿಗೆ ಗೊತ್ತಿರಲಿಲ್ಲ. “ನಿಮ್ಮ ಸಿರಿ ಹೋಗೋ ಕ್ಲಬ್ಬೇ ಅಲ್ವಾ? ಏನೋ ಕಂಪ್ಲೇಂಟ್ ಅಂತೆ?” ಎಂದು ಒಬ್ಬರು ಕೇಳಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವ ಹಾಗೆ ನಾನು ಕೂಡಲೇ ಉತ್ತರಿಸಿದೆ. “ಹೌದಂತೆ, ನಂಗೂ ಸರಿಯಾಗಿ ಗೊತ್ತಿಲ್ಲ.” ಫಾರ್ಮಿನಲ್ಲಿ ಬರೆದ ಸುಳ್ಳಿಗಾದರೂ ಹೆದರಿಕೆಯ ನೆಪವಿತ್ತು. ಇದಕ್ಕೆ ಯಾವ ನೆಪವೂ ಇರಲಿಲ್ಲ.

ಸಿರಿ ಒಂದೇ ಸಲ ಕೇಳಿದಳು. ಕಾರಿನಲ್ಲಿ, ಕಿಟಕಿಯ ಕಡೆ ಮುಖ ಮಾಡಿಕೊಂಡು. “ಬಟ್ ಯು ಆಸ್ಕ್ಡ್ ಹಿಮ್, ಅಮ್ಮ. ಅಂಕಲ್ ನಂಗೆ ಹೇಳಿದ್ರು, ಯುವರ್ ಮದರ್ ಆಸ್ಕ್ಡ್ ಅಂತ.” ಅದು ದೊಡ್ಡವರ ವಿಷಯ ಎಂದೆ. ಓಕೆ ಎಂದಳು. ಆ ಓಕೆಯ ನಂತರ ಅವಳು ನನ್ನ ಬಳಿ ಕ್ಲಬ್ಬಿನ ಸುದ್ದಿ ಹೇಳುವುದನ್ನೇ ಬಿಟ್ಟಳು.

ಆ ವರ್ಷದ ಕೊನೆಗೆ ಅವರು, ಅವರ ಹೆಂಡತಿ ಮನೆ ಖಾಲಿ ಮಾಡಿ, ಅಷ್ಟರಲ್ಲಿ ಅಟ್ಲಾಂಟದಿಂದ ವಾಷಿಂಗ್ಟನ್ ಹತ್ತಿರದ ಮೇರಿಲ್ಯಾಂಡಿಗೆ ಹೋಗಿದ್ದ ಮಗಳ ಮನೆಗೆ ಹೊರಟರು. ಹೋಗುವ ಮುಂಚೆ ಅಂಗಡಿಯೊಂದರಲ್ಲಿ ಎದುರಿಗೆ ಸಿಕ್ಕರು. ನಾನು ಬೇಳೆಯ ಸಾಲಿನ ಹಿಂದೆ ಸರಿದುಕೊಳ್ಳುವಷ್ಟರಲ್ಲಿ ಅವರೇ ಕೈ ಎತ್ತಿ, ಸಿರಿಯ ಎಡಗೈ ಈಗ ನೆಟ್ಟಗಾಗಿದೆಯಾ ಎಂದು ಕೇಳಿದರು. ಹುಟ್ಟು ಹಾಕುವಾಗ ಅವಳು ಮೊಣಕೈ ಮಡಿಸುತ್ತಿದ್ದಳು. ಆಗಿದೆ ಎಂದೆ. ಆಗಿರಲಿಲ್ಲ.

ಆ ಸಂಜೆ ಕಳೆದು ಎರಡು ವರ್ಷವಾಗುತ್ತ ಬಂದಾಗ ನಮ್ಮ ಗ್ರೀನ್ ಕಾರ್ಡ್ ಕೈಗೆ ಬಂತು. ಮನೆಯಲ್ಲಿ ಹೋಳಿಗೆ ಮಾಡಿದೆವು. ಆ ವಾರವೇ ಎಲ್ಲವನ್ನೂ ಒಂದು ಪುಟದಲ್ಲಿ ಬರೆದು ಸಹಿ ಹಾಕಿದೆ. ಆಫೀಸಿನ ಕೆಲಸಕ್ಕೆ ವಾಷಿಂಗ್ಟನ್‌ಗೆ ಹೋಗಬೇಕಾಗಿ ಬಂದಾಗ ಅದನ್ನು ಚೀಲದಲ್ಲಿಟ್ಟುಕೊಂಡು ಅವರ ಮಗಳ ಮನೆಗೆ ಹೋದೆ.

ಮೈ ಇಳಿದಿತ್ತು. ಎರಡು ಭುಜಗಳೂ ಒಂದೇ ಸಮನಾಗಿದ್ದವು. ಅದನ್ನು ನೋಡಿಯೇ ನನಗೆ ಕಾಯಿಲೆ ದೊಡ್ಡದೆಂದು ತಿಳಿಯಿತು. ಹೆಂಡತಿ ಅಡಿಗೆಮನೆಯಲ್ಲಿದ್ದರು. ನಾನು ಕಾಗದ ಕೊಟ್ಟೆ. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ‘ಸಂಜೆ ಐದರ ಸುಮಾರಿಗೆ’ ಎಂದು ಬರೆದಿದ್ದೆ. ಪೆನ್ನು ಕೇಳಿ ಪಡೆದು, ಅದನ್ನು ಹೊಡೆದು, ನಾಲ್ಕು ನಲವತ್ತು ಎಂದು ತಿದ್ದಿದರು.

“ನನ್ನನ್ನು ಕ್ಷಮಿಸಿ ಅಂಕಲ್” ಎಂದೆ.

ಅವರು ಕ್ಷಮಿಸಿದ್ದೇನೆ ಎನ್ನಲಿಲ್ಲ. “ನೀನು ಹೆದರಿದ್ದೆ. ನಮ್ಮ ಗ್ರೀನ್ ಕಾರ್ಡ್ ಫೈಲು ನಡೆದಷ್ಟು ವರ್ಷ ನಾನು ಕಾರಿನ ಹಾರ್ನ್ ಕೂಡ ಒತ್ತಲಿಲ್ಲ. ನನಗೆ ಗೊತ್ತು” ಎಂದರು. ಆಮೇಲೆ ಪುಟವನ್ನು ಮಡಿಸಿ ನನ್ನ ಕೈಗೇ ಕೊಟ್ಟರು. “ಇದು ನನಗಲ್ಲ. ಸಮಿತಿಗೆ ಕಳಿಸು. ಅವರು ನನಗೆ ಉತ್ತರ ಬರೆಯಲಿ.”

ಊರಿಗೆ ಹೋದ ತಕ್ಷಣ ಕಳಿಸುತ್ತೇನೆ ಎಂದೆ. ನಿನಗೆ ಅನುಕೂಲವಾದಾಗ ಕಳಿಸು, ಅವಸರವಿಲ್ಲ ಎಂದರು. ನಾನು ಆ ಮಾತನ್ನು ಪ್ರಸಾದದ ಹಾಗೆ ಕಣ್ಣಿಗೊತ್ತಿಕೊಂಡು ಬಂದೆ.

ಅವಸರವಿಲ್ಲ ಎಂದಿದ್ದರಲ್ಲ. ಅದೇ ಬೇಸಿಗೆಯಲ್ಲಿ ಸಿರಿಯ ಕಾಲೇಜಿನ ಅರ್ಜಿಗಳು ಶುರುವಾದವು. ಕ್ಲಬ್ಬಿನ ಕೋಚ್ ಅವಳಿಗೆ ಶಿಫಾರಸು ಪತ್ರ ಬರೆಯಬೇಕಿತ್ತು. ಈಗ ಹೋಗಿ ನಾನು ಸಮಿತಿಗೆ ಸುಳ್ಳು ಹೇಳಿದ್ದೆ ಎಂದರೆ ಆ ಪತ್ರದ ಗತಿ ಏನು? ಕೋಚ್ ಬರೆಯಲಿ, ಆಮೇಲೆ. ಬರೆದರು. ಕಾಲೇಜಿನಿಂದ ಉತ್ತರ ಬರಲಿ, ಆಮೇಲೆ. ನಾಳೆ ಎಂದವನ ಮನೆ ಹಾಳು ಎನ್ನುತ್ತಾರೆ. ನಾನು ನಾಳೆ ಎಂದು ಹಾಳು ಮಾಡಿದ್ದು ನನ್ನ ಮನೆಯನ್ನಲ್ಲ. ಮಡಿಸಿದ ಪುಟ ಚೀಲದ ಒಳಜೇಬಿನಲ್ಲೇ ಉಳಿಯಿತು. ಚಳಿಗಾಲ ಬಂತು, ಕ್ಲಬ್ಬಿನ ಇಮೇಲ್ ಬಂತು.

ಮಾರನೆಯ ಬೆಳಿಗ್ಗೆಯೇ ಸಮಿತಿಗೆ ಕಳಿಸಿದೆ. ಅವರು ತಿದ್ದಿದ್ದನ್ನು ಹಾಗೇ ಬಿಟ್ಟು ಸ್ಕ್ಯಾನ್ ಮಾಡಿದೆ. ವಾರದೊಳಗೆ ಬಹಳ ನಯವಾದ ಉತ್ತರ ಬಂತು. ಸಂಬಂಧಪಟ್ಟವರು ಈಗ ಇಲ್ಲವಾದ್ದರಿಂದ ವಿಷಯವನ್ನು ಮತ್ತೆ ತೆರೆಯುವುದಿಲ್ಲ. ನಿಮ್ಮ ಪ್ರಾಮಾಣಿಕತೆಗೆ ಧನ್ಯವಾದ. ಪ್ರಾಮಾಣಿಕತೆ ಎಂಬ ಆ ಪದವನ್ನು ನನಗೆ ಎರಡನೆಯ ಸಲ ಓದಲಾಗಲಿಲ್ಲ. ಸಿರಿಗೆ ತೋರಿಸಿದೆ. ಓದಿ, ಫೋನನ್ನು ಮೇಜಿನ ಮೇಲೆ ಮಕಾಡೆ ಇಟ್ಟು, ತನ್ನ ಕೋಣೆಗೆ ಹೋದಳು.

ಅವರ ಹೆಂಡತಿಗೆ ಫೋನ್ ಮಾಡಲು ಇನ್ನೂ ಎರಡು ವಾರ ಬೇಕಾಯಿತು. ಅವರಿಗೆ ಇಂಗ್ಲಿಷ್ ಕಡಿಮೆ, ನಿಧಾನವಾಗಿ ಮಾತಾಡಿದರು. ಕೊನೆಯ ದಿನಗಳು ಹೇಗಿದ್ದವು ಎಂದು ಕೇಳಿದೆ. ನೋವು ಹೆಚ್ಚಿರಲಿಲ್ಲ, ಕಾಯುವುದೇ ಹೆಚ್ಚಾಗಿತ್ತು ಎಂದರು. ಯಾರಿಗಾಗಿ ಎಂದೆ.

“ಯಾರಿಗಾಗಿಯೂ ಅಲ್ಲ. ನೀನು ಬಂದು ಹೋದ ಮೇಲೆ ದಿನಾ ಅಂಚೆಡಬ್ಬಿಗೆ ಹೋಗಿಬರುತ್ತಿದ್ದರು. ನಡೆಯಲಾಗದ ಮೇಲೆ ನನ್ನನ್ನು ಕಳಿಸುತ್ತಿದ್ದರು. ಕ್ಲಬ್ಬಿನಿಂದ ಒಂದು ಕಾಗದ ಬರಬೇಕು ಎನ್ನುತ್ತಿದ್ದರು. ಏನು ಕಾಗದ ಎಂದು ಕೇಳಿದರೆ, ಬಂದ ಮೇಲೆ ನೀನೇ ಓದು ಎನ್ನುತ್ತಿದ್ದರು. ಅದೇನೆಂದು ನಿನಗೇನಾದರೂ ಗೊತ್ತಾ?”

“ಗೊತ್ತು” ಎಂದೆ.